‘ಆಸ್ಪತ್ರೆಯಲ್ಲಿ ಯಾರಾದರೂ ಗೊತ್ತಿದ್ದಾರಾ?’

ಮುಂಬಯಿಯಲ್ಲಿ ಮೂವತ್ತು ವರ್ಷ ಕಳೆದ ಯಾವ ಕನ್ನಡಿಗನನ್ನಾದರೂ ಕೇಳಿ ನೋಡಿ, ಊರಿನಿಂದ ಬರುವ ಫೋನ್‌ಗಳಲ್ಲಿ ಮೂರು ಬಗೆ. ಮದುವೆ, ಗೃಹಪ್ರವೇಶದ ಕರೆ ಒಂದು. ಮಗನಿಗೆ ಅಲ್ಲೇನಾದರೂ ಕೆಲಸ ನೋಡಿ ಎನ್ನುವುದು ಇನ್ನೊಂದು. ಮೂರನೆಯದು ಹೆಚ್ಚಾಗಿ ರಾತ್ರಿ ಊಟದ ಹೊತ್ತಿಗೆ ಬರುತ್ತದೆ. ಮೊದಲು ಮಳೆ, ಬೆಳೆ, ಮಕ್ಕಳ ಓದು ಎಲ್ಲ ವಿಚಾರಿಸಿ ಆಮೇಲೆ ದನಿ ತಗ್ಗಿಸಿ ಕೇಳುತ್ತಾರೆ, "ಅಲ್ಲಿ ದೊಡ್ಡ ಆಸ್ಪತ್ರೆಯಲ್ಲಿ ನಿಮಗೆ ಯಾರಾದರೂ ಗೊತ್ತಿದ್ದಾರಾ ಮಾರಾಯ್ರೆ?"

ನಾನೂ ಇಷ್ಟು ವರ್ಷ ಈ ಪ್ರಶ್ನೆಗೆ ನನ್ನಿಂದಾದಷ್ಟು ಉತ್ತರ ಕೊಟ್ಟಿದ್ದೇನೆ. ಬ್ಯಾಂಕಿನಲ್ಲಿ ಇರುವವನಿಗೆ ಡಾಕ್ಟರು, ಟ್ರಸ್ಟಿ, ಔಷಧಿ ಅಂಗಡಿಯವರು ಹೀಗೆ ನಾಲ್ಕು ಜನ ಪರಿಚಯ ಇದ್ದೇ ಇರುತ್ತಾರೆ. ಈ ಪ್ರಶ್ನೆಗೆ ಸುಮಾರು ಇನ್ನೂರೈವತ್ತು ವರ್ಷಕ್ಕೂ ಮೀರಿದ ಇತಿಹಾಸ ಇದೆ ಎಂದು ಮಾತ್ರ ಗೊತ್ತಿರಲಿಲ್ಲ. ಹುಡುಕುತ್ತಾ ಹೋದಾಗ ಸಿಕ್ಕಿದ್ದನ್ನು ಇಲ್ಲಿ ಬರೆದಿದ್ದೇನೆ. ಯಾಕೆ ಹುಡುಕಿದೆ ಎನ್ನುವುದನ್ನು ಮೊದಲು ಹೇಳಿಬಿಡುತ್ತೇನೆ.

2008ರ ಮಳೆಗಾಲ. ನಮ್ಮ ಬ್ರಾಂಚಿನ ಪಕ್ಕದ ಉಡುಪಿ ಹೋಟೆಲಿನಲ್ಲಿ ಕೆಲಸಕ್ಕಿದ್ದ ಹುಡುಗ, ಕುಂದಾಪುರದ ಕಡೆಯವನು, ಪಾರ್ಸೆಲ್ ಕೊಡಲು ಹೋಗುವಾಗ ಟೆಂಪೋ ಬಡಿದು ತೊಡೆಯ ಮೂಳೆ ಮುರಿದುಕೊಂಡ. ಹತ್ತಿರದ ದೊಡ್ಡ ಆಸ್ಪತ್ರೆಗೆ ಒಯ್ದರು. ಹೆಸರು ಬೇಡ. ಬೋರ್ಡಿನಲ್ಲಿ ‘ಚಾರಿಟೇಬಲ್ ಟ್ರಸ್ಟ್’ ಎಂದೇ ಇತ್ತು. ಕೌಂಟರಿನಲ್ಲಿ ಮೊದಲು ನಲವತ್ತು ಸಾವಿರ ಡಿಪಾಸಿಟ್ ಕಟ್ಟಿ ಎಂದರು. ಅವನ ಸಂಬಳ ಆಗ ತಿಂಗಳಿಗೆ ಎರಡೂವರೆ ಸಾವಿರ, ಊಟ ವಸತಿ ಹೋಟೆಲಿನದೇ. ಹೋಟೆಲಿನ ಮಾಲಕರು ಹತ್ತು ಸಾವಿರ ಕೊಟ್ಟರು, ನಾವು ಸ್ಟಾಫಿನವರು ಚಂದಾ ಎತ್ತಿದೆವು. ನಮ್ಮ ಗ್ರಾಹಕರೊಬ್ಬರಿಗೆ ಆ ಆಸ್ಪತ್ರೆಯ ಟ್ರಸ್ಟಿ ನೆಂಟರು. ನಾನು ಅವರ ಮನೆಗೇ ಹೋಗಿ ಒಂದು ಚೀಟಿ ಬರೆಸಿಕೊಂಡು ಬಂದೆ. ಆ ಚೀಟಿ ತೋರಿಸಿದ ಮೇಲೆ ಕೊನೆಯ ಬಿಲ್ಲಿನಲ್ಲಿ ಸಾಕಷ್ಟು ಬಿಟ್ಟರು. ಹುಡುಗ ನಡೆದುಕೊಂಡು ಮನೆಗೆ ಬಂದ. ಅಂದಿನಿಂದ ಪ್ರತಿ ಸಲ ಊರಿಗೆ ಹೋಗಿ ಬಂದಾಗಲೂ ನಮ್ಮ ಮನೆಗೆ ಹಲಸಿನ ಹಪ್ಪಳದ ಕಟ್ಟು ತಂದು ಕೊಡುತ್ತಾನೆ. ನನಗೂ ಹೆಮ್ಮೆ, ಸುಳ್ಳು ಯಾಕೆ ಹೇಳಲಿ.

ಈ ಹೆಮ್ಮೆ ಹೇಗೆ ಇಳಿಯಿತು ಎಂಬುದಕ್ಕೆ ಮತ್ತೆ ಬರುತ್ತೇನೆ. ಈಗ ಆ ಚೀಟಿಯ ಹಿಂದೆ ಹೋಗೋಣ.

ಹದಿನೆಂಟನೇ ಶತಮಾನದ ಇಂಗ್ಲೆಂಡಿನಲ್ಲಿ ಶ್ರೀಮಂತರ ಚಂದಾದಿಂದ ನಡೆಯುವ ಆಸ್ಪತ್ರೆಗಳು ಒಂದೊಂದೇ ಊರಿನಲ್ಲಿ ತಲೆಯೆತ್ತಿದವು. ಅವುಗಳಿಗೆ ವಾಲಂಟರಿ ಆಸ್ಪತ್ರೆ ಎಂದು ಹೆಸರು. ಉಳ್ಳವರಿಗೆ ಡಾಕ್ಟರು ಮನೆಗೇ ಬರುತ್ತಿದ್ದರು, ಆಸ್ಪತ್ರೆ ಇದ್ದದ್ದು ಬಡವರಿಗೆ. ಆದರೆ ಬಡವ ನೇರವಾಗಿ ಬಾಗಿಲಿಗೆ ಹೋದರೆ ಆಗುತ್ತಿರಲಿಲ್ಲ. ವರ್ಷಕ್ಕೆ ಇಷ್ಟು ಎಂದು ಚಂದಾ ಕೊಟ್ಟವರಿಗೆ ಅದಕ್ಕೆ ತಕ್ಕ ಹಾಗೆ ಇಷ್ಟು ಶಿಫಾರಸು ಚೀಟಿ ಎಂಬ ಲೆಕ್ಕ ಇರುತ್ತಿತ್ತು. ಅಂಥವರೊಬ್ಬರ ಚೀಟಿ ಹಿಡಿದು ಬಂದ ರೋಗಿಯನ್ನು ವಾರಕ್ಕೊಮ್ಮೆ ಕೂಡುವ ಆಡಳಿತ ಸಮಿತಿ ನೋಡಿ ಸೇರಿಸಿಕೊಳ್ಳುತ್ತಿತ್ತು. ಅಪಘಾತದ ಕೇಸುಗಳಿಗೆ ಮಾತ್ರ ಸಾಮಾನ್ಯವಾಗಿ ಚೀಟಿ ಬೇಕಿರಲಿಲ್ಲ. ಗುಣವಾಗಿ ಹೊರಡುವಾಗ ಚೀಟಿ ಕೊಟ್ಟವರಿಗೆ ಧನ್ಯವಾದ ಹೇಳಿಯೇ ಹೋಗಬೇಕೆಂದು ಎಷ್ಟೋ ಆಸ್ಪತ್ರೆಗಳ ನಿಯಮದಲ್ಲೇ ಬರೆದಿತ್ತು. ಇದನ್ನು ಓದಿದಾಗ ನನಗೆ ಹಪ್ಪಳದ ಕಟ್ಟು ನೆನಪಾಯಿತು.

ಅಂದರೆ ಇವತ್ತು ನಾವು ‘ಪೇಷಂಟ್ ರೆಫರಲ್’ ಎನ್ನುವುದರ ಹಳೆಯ ರೂಪ ಇದೇ. ರೆಫರ್ ಮಾಡುವವನು ಡಾಕ್ಟರಲ್ಲ, ಚಂದಾ ಕೊಟ್ಟವನು. ಮೇಲೆ ಕೂತು ನೋಡಿಕೊಳ್ಳುವ ಸಮಿತಿಯೂ ಅದೇ ಚಂದಾದಾರರದ್ದು. ಯಾರಿಗೆ ಹಾಸಿಗೆ ಸಿಕ್ಕಿತು ಎಂಬುದು ಅವರ ಪುಸ್ತಕದಲ್ಲಿತ್ತು. ಯಾರಿಗೆ ಸಿಗಲಿಲ್ಲ ಎಂಬುದು ಯಾವ ಪುಸ್ತಕದಲ್ಲೂ ಇರಲಿಲ್ಲ.

ಈ ಪದ್ಧತಿಗೆ ಎದುರಾಗಿ ನಿಂತವರಲ್ಲಿ ಲಂಡನ್ನಿನ ಸರ್ಜನ್ ವಿಲಿಯಂ ಮಾರ್ಸ್‌ಡೆನ್ ಒಬ್ಬ. ಚರ್ಚಿನ ಮೆಟ್ಟಿಲ ಮೇಲೆ ಸಾಯುವ ಸ್ಥಿತಿಯಲ್ಲಿ ಬಿದ್ದಿದ್ದ ಹುಡುಗಿಯೊಬ್ಬಳನ್ನು ಆತ ಕಂಡ. ಚೀಟಿ ಇಲ್ಲವೆಂದು ಯಾವ ಆಸ್ಪತ್ರೆಯೂ ಅವಳನ್ನು ಸೇರಿಸಿಕೊಳ್ಳಲಿಲ್ಲ. 1828ರಲ್ಲಿ ಮಾರ್ಸ್‌ಡೆನ್ ಹ್ಯಾಟನ್ ಗಾರ್ಡನ್ ಪ್ರದೇಶದಲ್ಲಿ ಒಂದು ಸಣ್ಣ ಮನೆಯಲ್ಲಿ ಚೀಟಿ ಬೇಡದ ಆಸ್ಪತ್ರೆ ತೆರೆದ. ರೋಗವೂ ಬಡತನವೂ ಇದ್ದರೆ ಸಾಕು, ಅದೇ ಶಿಫಾರಸು. ಮುಂದೆ ಅದು ರಾಯಲ್ ಫ್ರೀ ಹಾಸ್ಪಿಟಲ್ ಎಂದು ಹೆಸರಾಯಿತು, ಇಂದಿಗೂ ಇದೆ.

ಆದರೆ ಬಾಗಿಲು ತೆರೆದಿಟ್ಟರೆ ಇನ್ನೊಂದು ತೊಂದರೆ. ಹಣ ಕೊಡಬಲ್ಲವರೂ ಬಂದು ಸಾಲಿನಲ್ಲಿ ನಿಲ್ಲುತ್ತಾರೆ. ಇದನ್ನು ವಿಚಾರಿಸಲಿಕ್ಕೆಂದೇ 1895ರಲ್ಲಿ ಅದೇ ರಾಯಲ್ ಫ್ರೀ ಆಸ್ಪತ್ರೆಯಲ್ಲಿ ಮೇರಿ ಸ್ಟುವರ್ಟ್ ಎಂಬ ಮಹಿಳೆಯನ್ನು ನೇಮಿಸಿದರು. ಮೊದಲಿಗೆ ಮೂರು ತಿಂಗಳ ಪ್ರಯೋಗ ಅಷ್ಟೇ. ‘ಆಲ್ಮನರ್’ ಎಂಬ ಹುದ್ದೆ. ಯಾರು ನಿಜವಾಗಿ ಬಡವರು, ಯಾರಿಗೆ ಬೇರೆ ಕಡೆ ನೆರವು ಸಿಗಬಹುದು ಎಂದು ಕೇಳಿ ತಿಳಿದು ಕಳಿಸಿಕೊಡುವ ಕೆಲಸ. ಚೀಟಿ ಕೊಡುವ ಧಣಿಯ ಜಾಗಕ್ಕೆ ವಿಚಾರಣೆ ಮಾಡುವ ನೌಕರರು ಬಂದರು. ಪರಿಚಯದ ಬದಲು ನಿಯಮ ಬರಲು ಇದೇ ಮೊದಲ ಹೆಜ್ಜೆ ಎನ್ನಬಹುದು.

ಈಗ ನಮ್ಮ ಮುಂಬಯಿಗೆ ಬರೋಣ. ಇಲ್ಲಿಯೂ ಆಸ್ಪತ್ರೆಗಳು ಬೆಳೆದದ್ದು ದಾನಿಗಳ ಹೆಸರಿನಲ್ಲೇ. 1845ರಲ್ಲಿ ತೆರೆದ ಜೆ.ಜೆ. ಆಸ್ಪತ್ರೆಗೆ ಸರ್ ಜಮ್ಶೆಟ್‌ಜಿ ಜೀಜೀಭಾಯ್ ಒಂದು ಲಕ್ಷ ರೂಪಾಯಿ ಕೊಟ್ಟಿದ್ದರು. ಆ ಕಾಲದ ಲಕ್ಷ! ಪಾರ್ಸಿ, ಗುಜರಾತಿ ವ್ಯಾಪಾರಿ ಮನೆತನಗಳ ಹೆಸರು ಹೊತ್ತ ವಾರ್ಡುಗಳು ಇಂದಿಗೂ ಈ ನಗರದ ತುಂಬ ಇವೆ. 1936ರಲ್ಲಿ ಇಲ್ಲಿ ಕ್ಲಿಫರ್ಡ್ ಮ್ಯಾನ್‌ಶಾರ್ಟ್ ಅವರ ನೇತೃತ್ವದಲ್ಲಿ ಸಮಾಜಕಾರ್ಯ ಕಲಿಸುವ ಟಾಟಾ ಶಾಲೆ ಶುರುವಾಯಿತು. ಇಂದಿನ ಟಾಟಾ ಇನ್‌ಸ್ಟಿಟ್ಯೂಟ್ ಆಫ್ ಸೋಶಿಯಲ್ ಸೈನ್ಸಸ್ ಅದೇ. ಹತ್ತು ವರ್ಷ ಕಳೆದು 1946ರಲ್ಲಿ ಜೆ.ಜೆ. ಆಸ್ಪತ್ರೆಯಲ್ಲಿ ದೇಶದ ಮೊದಲ ಮೆಡಿಕಲ್ ಸೋಶಿಯಲ್ ವರ್ಕರ್ ನೇಮಕವಾಯಿತು. ಮೇರಿ ಸ್ಟುವರ್ಟ್ ಮಾಡಿದ ಕೆಲಸ ಅರ್ಧ ಶತಮಾನದ ನಂತರ ಭಾಯಖಳಾಕ್ಕೆ ಬಂತು ಎನ್ನಿ.

ಸ್ವಾತಂತ್ರ್ಯ ಬಂದ ಮೇಲೆ 1950ರಲ್ಲಿ ಬಾಂಬೆ ಪಬ್ಲಿಕ್ ಟ್ರಸ್ಟ್ಸ್ ಆಕ್ಟ್ ಬಂತು. ದತ್ತಿ ಸಂಸ್ಥೆಗಳು ಚಾರಿಟಿ ಕಮಿಷನರರಲ್ಲಿ ನೋಂದಾಯಿಸಿ ಲೆಕ್ಕ ಒಪ್ಪಿಸಬೇಕಾಯಿತು. ಬರಬರುತ್ತಾ ದತ್ತಿ ಆಸ್ಪತ್ರೆಗಳು ಹವಾನಿಯಂತ್ರಿತವಾದವು, ದುಬಾರಿಯೂ ಆದವು. ಟ್ರಸ್ಟ್ ಎಂಬ ಕಾರಣಕ್ಕೆ ಸಿಗುವ ತೆರಿಗೆ ರಿಯಾಯಿತಿ, ಸರ್ಕಾರದ ನೆರವು ಮಾತ್ರ ಹಾಗೆಯೇ ಉಳಿಯಿತು. ಆದ್ದರಿಂದ 1985ರಲ್ಲಿ ಕಾನೂನಿಗೆ ಕಲಂ 41ಎಎ ಸೇರಿಸಿದರು. ಸರ್ಕಾರದಿಂದ ನೆರವೋ ರಿಯಾಯಿತಿಯೋ ಪಡೆದ, ವರ್ಷಕ್ಕೆ 5 ಲಕ್ಷಕ್ಕಿಂತ ಹೆಚ್ಚು ಖರ್ಚಿರುವ ಟ್ರಸ್ಟ್ ಆಸ್ಪತ್ರೆಗಳು ನೂರಕ್ಕೆ ಹತ್ತು ಹಾಸಿಗೆ ಕಡುಬಡವರಿಗೆ ಉಚಿತವಾಗಿ, ಇನ್ನೂ ಹತ್ತು ಹಾಸಿಗೆ ದುರ್ಬಲ ವರ್ಗದವರಿಗೆ ರಿಯಾಯಿತಿ ದರದಲ್ಲಿ ಕೊಡಬೇಕೆಂಬುದು ಅದರ ತಾತ್ಪರ್ಯ.

ಕಾಗದದ ಮೇಲೆ ಹಾಸಿಗೆ ಬಂತು, ರೋಗಿ ಅದರ ಮೇಲೆ ಮಲಗಬೇಕಲ್ಲ? ಕಾನೂನು ಜಾರಿಯಾಗುತ್ತಿಲ್ಲವೆಂದು 2004ರಲ್ಲಿ ಬಾಂಬೆ ಹೈಕೋರ್ಟಿನಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಬಿತ್ತು. 2006ರ ಆಗಸ್ಟ್ 17ರಂದು ಕೋರ್ಟು ಒಂದು ಪೂರ್ತಿ ಸ್ಕೀಮನ್ನೇ ಮಂಜೂರು ಮಾಡಿತು. ಬ್ಯಾಂಕಿನವನಾದ ನನಗೆ ಇದರಲ್ಲಿ ಹೆಚ್ಚು ರುಚಿಸಿದ್ದು ದುಡ್ಡಿನ ಏರ್ಪಾಡು. ಪ್ರತಿ ಆಸ್ಪತ್ರೆಯೂ ತನ್ನ ಒಟ್ಟು ಬಿಲ್ಲಿಂಗಿನ ಶೇಕಡಾ 2ರಷ್ಟನ್ನು ಬಡ ರೋಗಿಗಳ ನಿಧಿ ಎಂಬ ಪ್ರತ್ಯೇಕ ಖಾತೆಗೆ ಜಮಾ ಮಾಡಬೇಕು. ತಿಂಗಳಿಗೆ 10 ಕೋಟಿ ಬಿಲ್ಲಿಂಗ್ ಇರುವ ಆಸ್ಪತ್ರೆ ಎಂದುಕೊಳ್ಳಿ, 20 ಲಕ್ಷ ಆ ಖಾತೆಗೆ ಹೋಗಬೇಕು. ಕಡುಬಡವನ ಔಷಧಿ, ಇಂಪ್ಲಾಂಟ್ ಖರ್ಚು ಆಸ್ಪತ್ರೆಯ ಖರೀದಿ ಬೆಲೆಯಲ್ಲಿ ಈ ಖಾತೆಗೆ ಖರ್ಚು ಬೀಳುತ್ತದೆ. ಹಾಸಿಗೆ, ನರ್ಸಿಂಗ್ ಮುಂತಾದವಕ್ಕೆ ಬಿಲ್ಲೇ ಇಲ್ಲ. ದುರ್ಬಲ ವರ್ಗದವನಿಗೆ ಆಸ್ಪತ್ರೆಯ ಅತಿ ಕೆಳಗಿನ ದರ್ಜೆಯ ದರ. ಔಷಧಿ, ಇಂಪ್ಲಾಂಟಿನ ಖರೀದಿ ಬೆಲೆಯಲ್ಲಿ ಕನಿಷ್ಠ ಅರ್ಧ ಅವನು ಕಟ್ಟಬೇಕು. ತುರ್ತು ಕೇಸಾದರೆ ಡಿಪಾಸಿಟ್ ಕೇಳದೆ ಸೇರಿಸಿಕೊಂಡು ಜೀವ ನಿಲ್ಲುವವರೆಗಿನ ಚಿಕಿತ್ಸೆ ಕೊಡಲೇಬೇಕು. ರೋಗಿಯ ಆದಾಯದ ಕಾಗದ ನೋಡುವುದು ಆಸ್ಪತ್ರೆಯ ಸೋಶಿಯಲ್ ವರ್ಕರ್ ಕೆಲಸ. ಇವೆಲ್ಲದರ ಮೇಲೆ ಕಣ್ಣಿಡಲು ಜಾಯಿಂಟ್ ಚಾರಿಟಿ ಕಮಿಷನರ್ ಅಧ್ಯಕ್ಷತೆಯ ಉಸ್ತುವಾರಿ ಸಮಿತಿ. ನಿಧಿಯಲ್ಲಿ ಹಣ ಉಳಿದರೂ, ಕಡಿಮೆ ಬಿದ್ದರೂ ಅದರ ಗಮನಕ್ಕೆ ತರಬೇಕು.

ಆಗಿನ ಆದಾಯ ಮಿತಿ ಕಡುಬಡವರಿಗೆ ವರ್ಷಕ್ಕೆ 25 ಸಾವಿರ, ದುರ್ಬಲ ವರ್ಗಕ್ಕೆ 50 ಸಾವಿರ. ಮುಂದೆ ಹಲವು ಸಲ ಏರಿಸಿ ಅದನ್ನು 1.80 ಲಕ್ಷ ಮತ್ತು 3.60 ಲಕ್ಷಕ್ಕೆ ತಂದಿದ್ದಾರೆ.

ಈಗ ಲೆಕ್ಕ ಹಾಕಿ. ನಮ್ಮ ಹೋಟೆಲಿನ ಹುಡುಗನ ವರ್ಷದ ಆದಾಯ 30 ಸಾವಿರ. ಅಪಘಾತ ಆದದ್ದು 2008ರಲ್ಲಿ, ಸ್ಕೀಮ್ ಬಂದು ಎರಡು ವರ್ಷ ಕಳೆದಿತ್ತು. ಆ ಬಾಗಿಲಿನಲ್ಲಿ ಡಿಪಾಸಿಟ್ ಕೇಳುವಂತೆಯೇ ಇರಲಿಲ್ಲ. ರಿಯಾಯಿತಿ ಅವನಿಗೆ ಹಕ್ಕಾಗಿ ಸಿಗಬೇಕಿತ್ತು. ಅವನದೇ ದುಡ್ಡನ್ನು ನಾನು ಯಾರದೋ ಮನೆಯ ಬಾಗಿಲಲ್ಲಿ ಕೈಕಟ್ಟಿ ನಿಂತು, ದಾನ ಎಂದು ಬೇಡಿ ತಂದುಕೊಟ್ಟಿದ್ದೆ. ಮೇಲಿಂದ ಹಪ್ಪಳವನ್ನೂ ತಿಂದಿದ್ದೆ.

ನನಗೆ ಗೊತ್ತಿರಲಿಲ್ಲ ಎಂದರೆ ಉತ್ತರವಾಗುವುದಿಲ್ಲ. ಓದಿದವನು, ಲೆಕ್ಕಪತ್ರದಲ್ಲೇ ಬದುಕಿದವನು. ಟ್ರಸ್ಟಿಯ ನೆಂಟರ ವಿಳಾಸ ಹುಡುಕಿದ ಹಾಗೆ ನಿಯಮ ಏನಿದೆ ಎಂದು ಹುಡುಕಬೇಕೆಂದು ನನಗೆ ಹೊಳೆಯಲೇ ಇಲ್ಲ.

ಇರಲಿ. ಹಾಗಾದರೆ ಸಮಿತಿ ಏನು ಮಾಡುತ್ತಿತ್ತು ಎಂದು ಕೇಳಬಹುದು. ಇಲ್ಲಿ ದಿಲ್ಲಿಯ ಕಥೆ ಹೋಲಿಸಿ ನೋಡುವಂತಿದೆ. ದಿಲ್ಲಿಯಲ್ಲಿ ಬಾಧ್ಯತೆ ಹುಟ್ಟಿದ್ದು ಜಮೀನಿನಿಂದ. ಸರ್ಕಾರ ಅಗ್ಗದ ದರದಲ್ಲಿ ಆಸ್ಪತ್ರೆಗಳಿಗೆ ಜಾಗ ಕೊಟ್ಟಿತು, ಬದಲಿಗೆ ಬಡವರಿಗೆ ಇಷ್ಟು ಉಚಿತ ಚಿಕಿತ್ಸೆ ಎಂಬ ಷರತ್ತು. ಷರತ್ತು ಏನಾಯಿತು ಎಂದು ನೋಡಲು ದಿಲ್ಲಿ ಸರ್ಕಾರ 2000ದಲ್ಲಿ ನ್ಯಾಯಮೂರ್ತಿ ಎ.ಎಸ್. ಕುರೇಶಿ ಸಮಿತಿ ನೇಮಿಸಿತು. ಒಳರೋಗಿಗಳಲ್ಲಿ ಶೇಕಡಾ 10, ಹೊರರೋಗಿಗಳಲ್ಲಿ ಶೇಕಡಾ 25 ಎಂದು ಎಲ್ಲರಿಗೂ ಒಂದೇ ಅಳತೆ ಇರಲಿ ಎಂದಿತು ಆ ಸಮಿತಿ. ‘ಸೋಶಿಯಲ್ ಜ್ಯೂರಿಸ್ಟ್’ ಎಂಬ ವಕೀಲರ ಸಂಸ್ಥೆ ಹೈಕೋರ್ಟಿಗೆ ಹೋಯಿತು. 2007ರ ಮಾರ್ಚ್ 22ರಂದು ದಿಲ್ಲಿ ಹೈಕೋರ್ಟು ಇದೇ ಅಳತೆಯನ್ನು ಕಡ್ಡಾಯ ಮಾಡಿತು. ಉಚಿತ ಎಂದರೆ ಹಾಸಿಗೆಯಿಂದ ಔಷಧಿಯವರೆಗೆ ಎಲ್ಲವೂ ಉಚಿತ ಎಂದು ಬಿಡಿಸಿ ಹೇಳಿತು.

ಆ ತೀರ್ಪಿನಲ್ಲಿ ನನಗೆ ಮುಖ್ಯ ಕಂಡದ್ದು ಬೇರೆಯೇ ಒಂದು ಸಂಗತಿ. ಸರ್ಕಾರಿ ಆಸ್ಪತ್ರೆಗಳಲ್ಲಿ ವಿಶೇಷ ರೆಫರಲ್ ಕೇಂದ್ರ ತೆರೆಯಬೇಕು, ಅಲ್ಲಿಂದ ಬಡ ರೋಗಿಗಳನ್ನು ಖಾಸಗಿ ಆಸ್ಪತ್ರೆಗಳ ಈ ಹಾಸಿಗೆಗಳಿಗೆ ಕಳಿಸಬೇಕು ಎಂದಿತು ಕೋರ್ಟು. ಬ್ಯಾಂಕಿನವರಿಗೆ ಇದರ ಬೆಲೆ ತಕ್ಷಣ ಗೊತ್ತಾಗುತ್ತದೆ. ಒಂದೇ ಪುಸ್ತಕ ಇದ್ದಾಗ ತಪ್ಪು ಹಿಡಿಯುವುದು ಕಷ್ಟ. ಎರಡು ಪುಸ್ತಕ ಇದ್ದರೆ ತಾಳೆ ನೋಡಬಹುದು. ಕಳಿಸಿದ ಆಸ್ಪತ್ರೆಯಲ್ಲಿ ನೂರು ಹೆಸರು, ಸೇರಿಸಿಕೊಂಡ ಆಸ್ಪತ್ರೆಯಲ್ಲಿ ಅರವತ್ತು ಹೆಸರು ಎಂದರೆ ಉಳಿದ ನಲವತ್ತು ಜನ ಎಲ್ಲಿ ಹೋದರು ಎಂದು ಸಮಿತಿ ಕೇಳಬಹುದು. ಮುಂಬಯಿಯ 2006ರ ಸ್ಕೀಮಿನಲ್ಲಿ ಆಸ್ಪತ್ರೆ ತಾನೇ ಹಾಸಿಗೆ ಎಣಿಸಿ, ತಾನೇ ಕಾಗದ ನೋಡಿ, ತಾನೇ ತಿಂಗಳ ಲೆಕ್ಕ ಕಳಿಸುತ್ತದೆ. ನಮ್ಮಲ್ಲಿ ವೋಚರು ಬರೆದವನೇ ಪಾಸ್ ಮಾಡುವಂತಿಲ್ಲ. ಇಲ್ಲಿ ಬಾಗಿಲಿನಿಂದಲೇ ವಾಪಸು ಹೋದವನ ಹೆಸರಿಗೆ ವೋಚರೇ ಇಲ್ಲ. ಸಮಿತಿಯವರು ಎಷ್ಟೇ ಪ್ರಾಮಾಣಿಕರಾಗಿದ್ದರೂ ಬರೆಯದೇ ಬಿಟ್ಟದ್ದನ್ನು ಓದುವುದು ಹೇಗೆ? ಇಂಗ್ಲೆಂಡಿನ ಚಂದಾದಾರರ ಪುಸ್ತಕದಲ್ಲಿದ್ದ ಕೊರತೆಯೇ ಇನ್ನೂರು ವರ್ಷದ ನಂತರ ಇಲ್ಲಿಯೂ ಉಳಿದಿತ್ತು.

ದಿಲ್ಲಿಯಲ್ಲೂ ಎಲ್ಲ ಸರಿಹೋಯಿತು ಎಂದಲ್ಲ. ತಿಂಗಳಿಗೆ ಒಂದು ರೂಪಾಯಿ ಬಾಡಿಗೆಗೆ 15 ಎಕರೆ ಪಡೆದಿದ್ದ ಇಂದ್ರಪ್ರಸ್ಥ ಅಪೋಲೋ ಆಸ್ಪತ್ರೆ ಮೂರರಲ್ಲೊಂದು ಹಾಸಿಗೆ ಉಚಿತವಾಗಿ ಕೊಡಬೇಕಿತ್ತು. ಉಚಿತ ಎಂದರೆ ಔಷಧಿ ಸೇರುವುದಿಲ್ಲ ಎಂದು ವಾದ ಹೂಡಿತ್ತು. 2009ರ ಸೆಪ್ಟೆಂಬರಿನಲ್ಲಿ ಹೈಕೋರ್ಟು ಅದನ್ನು ತಳ್ಳಿಹಾಕಿ ಎರಡು ಲಕ್ಷ ದಂಡ ಹಾಕಿತು. ಬೇರೆ ಕೆಲವು ಆಸ್ಪತ್ರೆಗಳು ನಮ್ಮ ಗುತ್ತಿಗೆ ಪತ್ರದಲ್ಲಿ ಷರತ್ತೇ ಇರಲಿಲ್ಲ ಎಂದು 2014ರಲ್ಲಿ ಹೈಕೋರ್ಟಿನಲ್ಲಿ ಗೆದ್ದಿದ್ದವು. 2018ರ ಜುಲೈ 9ರಂದು ಸುಪ್ರೀಂ ಕೋರ್ಟು ಅದನ್ನು ತಿರುಗಿಸಿ, ಸರ್ಕಾರಿ ಜಮೀನು ಪಡೆದ ಮೇಲೆ ಬಡವರನ್ನು ನೋಡಲೇಬೇಕು, ಇಲ್ಲವಾದರೆ ಗುತ್ತಿಗೆ ರದ್ದು ಎಂದಿತು. 2025ರ ಮಾರ್ಚಿನಲ್ಲೂ ಅಪೋಲೋ ಪ್ರಕರಣದಲ್ಲಿ, ಬಡವರಿಗೆ ಉಚಿತ ಚಿಕಿತ್ಸೆ ಸಿಗದಿದ್ದರೆ ಆಸ್ಪತ್ರೆಯನ್ನು ಏಮ್ಸ್‌ಗೆ ವಹಿಸುತ್ತೇವೆ ಎಂದು ಸುಪ್ರೀಂ ಕೋರ್ಟು ಎಚ್ಚರಿಸಿ ತಪಾಸಣೆಗೆ ಹೇಳಿತು. ಸಮಿತಿ, ಕೋರ್ಟು, ತಪಾಸಣೆ, ಮತ್ತೆ ಸಮಿತಿ... ಇಪ್ಪತ್ತೈದು ವರ್ಷ!

ಮಹಾರಾಷ್ಟ್ರದಲ್ಲಿ 2025ರ ಏಪ್ರಿಲಿನಲ್ಲಿ ಪುಣೆಯ ದತ್ತಿ ಆಸ್ಪತ್ರೆಯೊಂದರಲ್ಲಿ ಗರ್ಭಿಣಿಯೊಬ್ಬರಿಗೆ ದೊಡ್ಡ ಮೊತ್ತದ ಡಿಪಾಸಿಟ್ ಕೇಳಿದರೆಂಬ ಆರೋಪ ಬಂತು. ಬೇರೆ ಕಡೆ ಹೆರಿಗೆಯಾದ ಮೇಲೆ ಆಕೆ ತೀರಿಕೊಂಡರು. ಆಗಲೂ ತನಿಖಾ ಸಮಿತಿಗಳು ಕೂತವು. ಅವಳಿ ಮಕ್ಕಳಿಗೆ ತಾಯಿ ಇಲ್ಲ. ಸಮಿತಿ ಎಂಬುದು ಸತ್ತ ಮೇಲೆ ಕೂರುವುದಕ್ಕೂ, ಬದುಕಿರುವಾಗ ತಿಂಗಳು ತಿಂಗಳು ಪುಸ್ತಕ ತಾಳೆ ನೋಡುವುದಕ್ಕೂ ವ್ಯತ್ಯಾಸ ಇಷ್ಟೇ.

ನಮ್ಮ ಕರ್ನಾಟಕದಲ್ಲಿ ರೆಫರಲ್ ಎಂಬ ಮಾತು ಮನೆಮಾತಾದದ್ದು 2018ರಲ್ಲಿ ‘ಆರೋಗ್ಯ ಕರ್ನಾಟಕ’ ಬಂದ ಮೇಲೆ. ಅದೇ ವರ್ಷ ಅದನ್ನು ಆಯುಷ್ಮಾನ್ ಭಾರತದ ಜೊತೆ ಸೇರಿಸಿದರು. ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು, ಅಲ್ಲಿ ಆಗದ ಚಿಕಿತ್ಸೆಯಾದರೆ ರೆಫರಲ್ ಪತ್ರ ಪಡೆದು ನೋಂದಾಯಿತ ಖಾಸಗಿ ಆಸ್ಪತ್ರೆಗೆ. ತುರ್ತು ಸ್ಥಿತಿಯಲ್ಲಿ ಪತ್ರ ಬೇಕಿಲ್ಲ. ಊರಿನಲ್ಲಿ ಕೆಲವರು ಇದನ್ನು ಸುಮ್ಮನೆ ಅಲೆದಾಟ ಎಂದು ಬೈಯುತ್ತಾರೆ. ಮಂಗಳೂರು, ಮಣಿಪಾಲದ ಬಸ್ಸು ಹತ್ತುವ ಮೊದಲು ತಾಲೂಕು ಆಸ್ಪತ್ರೆಯ ಸಾಲಿನಲ್ಲಿ ನಿಲ್ಲುವ ಕಷ್ಟ ನಿಜವೇ. ಆದರೂ ಆ ಪತ್ರ ನನ್ನ ಚೀಟಿಯಂತಲ್ಲ. ಅದಕ್ಕೆ ನಂಬರು ಇದೆ, ತಾರೀಕು ಇದೆ. ಮುಂದಿನ ಆಸ್ಪತ್ರೆ ವಾಪಸು ಕಳಿಸಿದರೆ ಕೇಳಲಿಕ್ಕೆ ಕೈಯಲ್ಲಿ ಒಂದು ಆಧಾರ ಇದೆ. ಬ್ಯಾಂಕಿನ ಪಾಸ್‌ಬುಕ್ ಇದ್ದ ಹಾಗೆ. ಲೆಡ್ಜರು ನಮ್ಮ ಹತ್ತಿರ ಇದ್ದರೂ ಪಾಸ್‌ಬುಕ್ ಗ್ರಾಹಕನ ಕೈಯಲ್ಲಿ ಇರುವುದರಿಂದಲೇ ನಾವು ಸರಿಯಾಗಿ ಬರೆಯುತ್ತೇವೆ.

ಕಳೆದ ವರ್ಷ ಆ ಹುಡುಗ, ಈಗ ಹುಡುಗನಲ್ಲ, ಎರಡು ಮಕ್ಕಳ ತಂದೆ, ಠಾಣೆಯಲ್ಲಿ ಸ್ವಂತ ಸಣ್ಣ ಕ್ಯಾಂಟೀನು, ಮತ್ತೆ ಹಪ್ಪಳ ಹಿಡಿದುಕೊಂಡು ಬಂದ. ಈ ಸಲ ತಡೆಯಲಾಗಲಿಲ್ಲ. ಕೂರಿಸಿ ಎಲ್ಲ ಹೇಳಿದೆ. "ಆ ರಿಯಾಯಿತಿ ನಾನು ಕೊಡಿಸಿದ್ದಲ್ಲ ಮಾರಾಯ, ನಿನ್ನದೇ ಇತ್ತು. ನಾನು ಇಷ್ಟು ವರ್ಷ ಸುಮ್ಮನೆ ಹೆಸರು ತಗೊಂಡೆ" ಎಂದೆ. ಅವನು ನಗುತ್ತಾನೆ, ಇಲ್ಲ ಸಿಟ್ಟಾಗುತ್ತಾನೆ ಅಂದುಕೊಂಡಿದ್ದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ, "ಹಾಗಾದ್ರೆ ಸರ್, ನನ್ನ ಪಕ್ಕದ ಬೆಡ್ಡಿನಲ್ಲಿ ಒಬ್ಬರು ಬಿಹಾರದವರು ಇದ್ದರಲ್ಲ, ದುಡ್ಡಿಲ್ಲ ಅಂತ ನಾಲ್ಕನೇ ದಿನ ಎಬ್ಬಿಸಿಕೊಂಡು ಹೋದ್ರು. ಅವರದ್ದೂ ಇತ್ತಾ?"

ಇತ್ತು ಅಂತ ಕಾಣುತ್ತದೆ. ಅವರಿಗೆ ಯಾರೂ ಗೊತ್ತಿರಲಿಲ್ಲ.

ಅದಕ್ಕೇ ಈಗ ರಾತ್ರಿ ಫೋನ್ ಬಂದರೆ ನಾನು ಹೇಳುವುದು ಬದಲಾಗಿದೆ. ಆಸ್ಪತ್ರೆ ಟ್ರಸ್ಟಿನದೋ ನೋಡಿ. ರೇಷನ್ ಕಾರ್ಡು, ತಹಶೀಲ್ದಾರರ ಆದಾಯ ಪತ್ರ ಹಿಡಿದುಕೊಂಡು ಹೊರಡಿ. ಒಳಗೆ ಹೋದ ಕೂಡಲೇ ಡಾಕ್ಟರ ಪರಿಚಯ ಹುಡುಕುವ ಮೊದಲು ಸೋಶಿಯಲ್ ವರ್ಕರ್ ಎಲ್ಲಿ ಕೂರುತ್ತಾರೆ ಎಂದು ಕೇಳಿ. ಹಾಸಿಗೆ ಇಲ್ಲ ಎಂದರೆ ಅದನ್ನು ಬರೆದು ಕೊಡಿ ಎನ್ನಿ. ಕೊಡದಿದ್ದರೆ ತಾರೀಕು, ಹೊತ್ತು ನೀವೇ ಬರೆದಿಟ್ಟುಕೊಂಡು ಚಾರಿಟಿ ಕಮಿಷನರ್ ಆಫೀಸಿಗೆ ಒಂದು ಅರ್ಜಿ ಹಾಕಿ. ಸಮಿತಿಯ ಮೇಜಿನ ಮೇಲೆ ಎರಡನೆಯ ಪುಸ್ತಕ ಇಲ್ಲವಾದರೆ ಅದನ್ನು ನಾವೇ ಒಂದೊಂದು ಹಾಳೆಯಾಗಿ ಬರೆಯಬೇಕು. ಜೊತೆಗೆ ಬರಲು ನಾನು ತಯಾರು, ಹಿಂದಿ ಮರಾಠಿ ಬಾರದಿದ್ದರೆ ಮಾತಾಡಿಕೊಡುತ್ತೇನೆ. ಚೀಟಿ ಮಾತ್ರ ಇನ್ನು ಬರೆಸುವುದಿಲ್ಲ.